ಶರೋಲೆ

ತಾವರಗೇರಾ ದನದ ದವಾಖಾನಿಯ ಗೋಡೆಗೆ
ಯಾವುದೋ ಔಷಧ ಕಂಪನಿಯ ಹಳೇ ಕ್ಯಾಲೆಂಡರು.
ಹನ್ನೊಂದು ಹಾಳೆ ಹರಿದು
ಜಂತಿನ ಪುಡಿ ಪೊಟ್ಟಣ ಕಟ್ಟಲಿಕ್ಕೆ ಹೋದವು.
ಮಾರ್ಚೊಂದು ಉಳಿದಿತ್ತು.
ಮಾರ್ಚಿನಲ್ಲಿ ಒಂದು ಬಿಳಿ ಆಕಳು
ಮೊಣಕಾಲುದ್ದ ಹಸಿರಿನೊಳಗೆ ನಿಂತು
ಹದಿನಾರು ವರ್ಷ ನನ್ನನ್ನೇ ನೋಡಿತು.

ಕೆಳಗೆ ಅದರ ಸೀಮೆಯ ಹೆಸರು.
ಅಕ್ಷರ ಕೂಡಿಸಿದರೆ 'ಚರೋಲೈಸ್' ಅಂತ ಆಗುತ್ತಿತ್ತು.
ನಸೀಮಾ ಡಾಕ್ಟರು ನಕ್ಕರು: ಅದು ಶರೋಲೆ,
ಫ್ರಾನ್ಸಿನ ಮಂದಿ ಕೊನೆಯ ಅಕ್ಷರ
ಬರೆಯುತ್ತಾರೆ, ಬಾಯಿಗೆ ಬಂದಾಗ ನುಂಗುತ್ತಾರೆ.
ನಮ್ಮಲ್ಲೂ ಹಂಗೇರಿ, ಅಂದೆ.
ಹಾಜರಿ ಪುಸ್ತಕದಲ್ಲಿ ನಾನು ಯಮನೂರಪ್ಪ,
ಓಣಿಯೊಳಗೆ ಯಮ್ನ್ಯಾ.

ಬೀದರಿನಲ್ಲಿ ಓದಿದ್ದನ್ನು ಅವರು
ಮಧ್ಯಾಹ್ನದ ಬುತ್ತಿಯ ಜೊತೆ ಬಿಚ್ಚುತ್ತಿದ್ದರು:
ಹೊಲದಿಂದ ಹೊಲಕ್ಕೆ ಹಸಿರು ಬೇಲಿ,
ಕಾಯುವವರಿಲ್ಲದೆ ಮೇಯುವ ದನ,
ಆಡಿನ ಹಾಲಿನ ಗಿಣ್ಣದಂಥದ್ದು, ಉಪ್ಪು ಸವರಿ
ನೆಲಮಾಳಿಗೆಯಲ್ಲಿ ಇಟ್ಟು
ಬೂಸು ಬರಲಿ ಅಂತ ಕಾಯುತ್ತಾರಂತೆ.
ಬೂಸು ಬಂದ ರೊಟ್ಟಿಯನ್ನು ನಮ್ಮವ್ವ
ಎಮ್ಮೆಗೆ ಹಾಕುತ್ತಿದ್ದಳು.
ನಾನು ಗುರೆಳ್ಳು ಚಟ್ನಿಯಲ್ಲಿ ಸಜ್ಜೆರೊಟ್ಟಿ ಒತ್ತುತ್ತ
ಹೂಂ ಹೂಂ ಅಂದೆ.

ಕಿಲ್ಲಾರಹಟ್ಟಿಯ ಗದ್ದೆಮ್ಮ ಬಂದದ್ದು ಅಂಥ ಒಂದು ಹೊತ್ತಿನಲ್ಲಿ.
ಈದು ಎರಡು ದಿನ, ಮಾಸ ಬೀಳವಲ್ದು.
ಆಕಳನ್ನು ಬೇವಿಗೆ ಕಟ್ಟಿದಳು.
ಸೆರಗಿನಡಿಯಿಂದ ತಂಬಿಗೆ ತೆಗೆದಳು,
ಕರು ಕುಡಿದು ಉಳಿದ ಹಳದಿ ಹಾಲು.
ಡಾಕ್ಟರು ಮೊಣಕೈವರೆಗೆ ಕೈಗವಸು ಏರಿಸುವಾಗ
ಗೋಡೆ ನೋಡಿದಳು. ಇಷ್ಟು ವರ್ಷದಲ್ಲಿ
ಕೇಳಿದವಳು ಆಕೆಯೊಬ್ಬಳೇ.

'ಯಾರದೋ ಈ ಆಕಳ?'
'ಫ್ರಾನ್ಸಿಂದು ಬೇ.'
'ಎಷ್ಟು ಹಿಂಡತೈತಿ?'
'ಹಿಂಡಂಗಿಲ್ಲ.'
'ಹೋರಿ ಗಳೇಕ ಹೂಡತಾರ?'
'ಗಳೇ ಎಲ್ಲೈತಿ? ಟ್ರ್ಯಾಕ್ಟರು.'
'ಮತ್ಯಾಕ ಸಾಕ್ಯಾರ?'

ನಾನು ಡಾಕ್ಟರ ಕಡೆ ನೋಡಿದೆ.
ಅವರು ಕಿಟಕಿಯ ಆಚೆ ಬೇವಿನ ಕಡೆ ನೋಡಿದರು.
'ತಿನ್ನಾ...' ಅಂದೆ,
ಕೊನೆಯ ಅಕ್ಷರ ನುಂಗಿ.

ಶಿವ ಶಿವ ಅನ್ನಲಿಲ್ಲ ಗದ್ದೆಮ್ಮ.
ಹತ್ತಿರ ಹೋಗಿ ಚಿತ್ರದ ಹೊಟ್ಟೆಗೆ ಬೆರಳಿಟ್ಟಳು.
'ಹೊಟ್ಟಿತುಂಬ ಮೇಸ್ಯಾರ. ಮೈಮ್ಯಾಲೆ ಒಂದು ಬಾಸುಂಡಿ ಇಲ್ಲ.
ಹಾಲು?'
'ಎಲ್ಲಾ ಕರುವಿಗೇ.'
'ಪುಣ್ಯಾದ ಕರು.'
ತುಸು ತಡೆದು,
'ಎಷ್ಟು ದಿನದ ಪುಣ್ಯಾನೋ.'

ಆಮೇಲೆ, ಯಾರೂ ಕೇಳದೆ ಇದ್ದರೂ:
'ಹ್ವಾದ ವಾರ ಕುಷ್ಟಗಿ ಸಂತ್ಯಾಗ ನಾನೂ ಒಂದು ಹೋರಿ ಕೊಟ್ಟೆ.
ಹಗ್ಗ ಬಿಚ್ಚಿಕೊಂಡು ಬಂದೆ. ಎಲ್ಲಿಗೆ ಒಯ್ತೀ ಅನ್ನಲಿಲ್ಲ.
ಅಂವ ಹೇಳ್ಯಾನು ಅಂತ ಕೇಳಲಿಲ್ಲ.'

ಬೇವಿನ ಬುಡದಲ್ಲಿ ಮಾಸ ಬಿತ್ತು.
ಸೂಜಿ ಕುದಿಸುವ ಒಲೆಯ ಮೇಲೆ
ತಂಬಿಗೆಯ ಹಾಲಿಗೆ ಬೆಲ್ಲ ಹಾಕಿದೆ, ಏಲಕ್ಕಿ ಇರಲಿಲ್ಲ.
ಗಟ್ಟಿಯಾಗುವವರೆಗೆ ಮೂವರೂ ಸುಮ್ಮನೆ ನಿಂತೆವು,
ಯಾರದೋ ಜ್ವರ ಇಳಿಯಲಿ ಎಂದು ಕಾಯುವವರ ಹಾಗೆ.
ಸಿಹಿ ಕಡಿಮೆಯಾಗಿತ್ತು.
ಡಾಕ್ಟರು ಎರಡು ಸಲ ಹಾಕಿಸಿಕೊಂಡರು.

ಹೋಗುವಾಗ ಗದ್ದೆಮ್ಮ ಮಾರ್ಚನ್ನು ಕೇಳಿದಳು.
ಕೊಟಗ್ಯಾಗ ಹಚ್ಚತಾಳಂತೆ.
ಯಾಕೆ ಅಂತ ಬಾಯಿಗೆ ಬಂದಿತ್ತು,
ಮೊಳೆ ಕಿತ್ತು ಕೊಟ್ಟೆ.

ಗೋಡೆಯ ಮೇಲೆ ಈಗ ಒಂದು ಚೌಕ
ಸುತ್ತಲಿಗಿಂತ ಬೆಳ್ಳಗಿದೆ.
ಬಂದ ದನಗಳು ಕಿಟಕಿಗೆ ಮೂತಿ ಹಚ್ಚಿ ನೋಡುತ್ತವೆ,
ನನ್ನನ್ನೋ, ಅದನ್ನೋ.